ತುಂಗಭದ್ರಾ 19ನೇ ಗೇಟ್: ಒಂದು ಸರಪಳಿ ಕಡಿದರೆ ಇಷ್ಟೆಲ್ಲಾ ಆಗಬೇಕಾ?

ಹಂಪಿ_ಹುಡುಗ · 11 ಆಗಸ್ಟ್ 2024, ಬೆಳಿಗ್ಗೆ 9:40

ಬೆಳಿಗ್ಗೆ ಎದ್ದಾಗಿನಿಂದ ಫೋನ್ ತುಂಬ ಇದೇ ಸುದ್ದಿ. ರಾತ್ರಿ ಹನ್ನೊಂದರ ಸುಮಾರಿಗೆ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ (ಅಣೆಕಟ್ಟಿನ ನೆತ್ತಿಯಲ್ಲಿ ನೀರು ಬಿಡುವ ಬಾಗಿಲು) ಸರಪಳಿ ಕಡಿದು ಗೇಟೇ ಕೊಚ್ಚಿಹೋಗಿದೆ. ಡ್ಯಾಂ ಭರ್ತಿ ಇತ್ತು, 105 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಹೋದ ವರ್ಷ ಬರ, ಎರಡನೇ ಬೆಳೆಗೆ ನೀರೇ ಸಿಗಲಿಲ್ಲ. ಈ ವರ್ಷ ಬೇಗ ತುಂಬಿತಲ್ಲ ಅಂತ ಊರೆಲ್ಲ ಖುಷಿಯಲ್ಲಿತ್ತು.

ಬೈಕ್ ತೆಗೆದುಕೊಂಡು ಹೋಗಿ ನೋಡಿ ಬಂದೆ. ಪೊಲೀಸರು ದೂರದಲ್ಲೇ ತಡೆದರು. ಅಲ್ಲಿಂದಲೂ ಗೊತ್ತಾಗುತ್ತೆ. ಬೇರೆ ಗೇಟುಗಳ ಕೆಳಗೆ ನೀರು ಬಟ್ಟೆ ಹಾಸಿದ ಹಾಗೆ ನುಣ್ಣಗೆ ಇಳಿಯುತ್ತಿದೆ. ಆ ಒಂದು ಕಡೆ ಮಾತ್ರ ಉಬ್ಬಿಕೊಂಡು, ಹಲ್ಲು ಬಿದ್ದ ಬಾಯಿಯಿಂದ ಉಗಿದ ಹಾಗೆ ಬರುತ್ತಿದೆ.

ನನ್ನದು ಒಂದೇ ಪ್ರಶ್ನೆ. 33 ಗೇಟ್ ಇರುವ, 1953ರಿಂದ ನಿಂತಿರುವ ಅಣೆಕಟ್ಟು. ಒಂದು ಸರಪಳಿ ಹೋದರೆ ತಡೆಯೋಕೆ ಇನ್ನೊಂದು ವ್ಯವಸ್ಥೆ ಇಲ್ವಾ?

ಕಾರಟಗಿ_ಸೋನಾ · 11 ಆಗಸ್ಟ್, 9:58

ನಾಟಿ ಮುಗಿಸಿ ಇವತ್ತಿಗೆ ಹತ್ತು ದಿನ. ಇನ್ನೇನೂ ಬರೆಯೋಕೆ ಕೈ ಬರ್ತಿಲ್ಲ.

ಕೋಡ್_ಕಾಫಿ · 11 ಆಗಸ್ಟ್, 10:15

ಇದು 2024 ರೀ! ಚಂದ್ರನ ದಕ್ಷಿಣ ಧ್ರುವದ ಹತ್ತಿರ ಲ್ಯಾಂಡರ್ ಇಳಿಸಿದ ದೇಶ ನಮ್ಮದು. ಆ ಸರಪಳಿಗೆ ಎಳೆತ ಅಳೆಯುವ ಒಂದು ಸ್ಟ್ರೇನ್ ಸೆನ್ಸಾರ್ ಹಾಕಿದ್ದರೆ ಹದಿನೈದು ದಿನ ಮುಂಚೆಯೇ ಮೊಬೈಲಿಗೆ ಅಲರ್ಟ್ ಬರುತ್ತಿತ್ತು. ನಮ್ಮ ಆಫೀಸಿನ ಲಿಫ್ಟಿಗೇ ಇದೆ. ಸರಕಾರಕ್ಕೆ ತಂತ್ರಜ್ಞಾನ ಅಂದರೆ ಉದ್ಘಾಟನೆಗೆ ಮಾತ್ರ.

ಗಾರೆ_ಕಲ್ಲು · 11 ಆಗಸ್ಟ್, 10:50

ಹಂಪಿ_ಹುಡುಗ ಕೇಳಿದ್ದಕ್ಕೆ ನೇರ ಉತ್ತರ: ಇಲ್ಲ. ಅದೇ ಇಲ್ಲಿನ ಮುಖ್ಯ ವಿಷಯ.

ಆಮೇಲೆ ಕಟ್ಟಿದ ಅಣೆಕಟ್ಟುಗಳಲ್ಲಿ ಪ್ರತಿ ಗೇಟಿನ ಮುಂದೆ ಎರಡೂ ಬದಿಯ ಕಂಬದಲ್ಲಿ ಇನ್ನೊಂದು ಜೊತೆ ಸೀಳು ಕೊರೆದಿರುತ್ತಾರೆ. ಅದರಲ್ಲಿ ಸ್ಟಾಪ್‌ಲಾಗ್ ಅನ್ನುವ ಉಕ್ಕಿನ ತೊಲೆಗಳನ್ನು ಒಂದರ ಮೇಲೊಂದು ಇಳಿಸಿದರೆ ನೀರು ನಿಲ್ಲುತ್ತೆ. ಆಗ ಗೇಟ್ ಬಿಚ್ಚಿ ರಿಪೇರಿ ಮಾಡಿಕೊಳ್ಳಬಹುದು. ಹಳ್ಳಿಯಲ್ಲಿ ಗದ್ದೆ ತೂಬಿಗೆ ಹಲಗೆ ಅಡ್ಡ ಹಾಕ್ತೀವಲ್ಲ, ಅದೇ ಕಥೆ, ಅಳತೆ ಮಾತ್ರ ದೊಡ್ಡದು. ತುಂಗಭದ್ರಾದ ಕ್ರೆಸ್ಟ್ ಗೇಟುಗಳಿಗೆ ಆ ಏರ್ಪಾಡು ಇಲ್ಲ. 1945ರಲ್ಲಿ ಅಡಿಗಲ್ಲು ಹಾಕಿದ ಅಣೆಕಟ್ಟು, ಸುರ್ಕಿ ಗಾರೆಯಲ್ಲಿ (ಸುಣ್ಣ, ಇಟ್ಟಿಗೆ ಪುಡಿ) ಕಲ್ಲು ಕಟ್ಟಿದ್ದು. ಕಟ್ಟಡ ಇವತ್ತಿಗೂ ಗಟ್ಟಿ. ಆದರೆ ಕಲ್ಲಿನ ವಯಸ್ಸೇ ಬೇರೆ, ಕಬ್ಬಿಣದ ವಯಸ್ಸೇ ಬೇರೆ.

2021ರ ಆಗಸ್ಟ್‌ನಲ್ಲಿ ಕೃಷ್ಣಾ ನದಿಯ ಪುಲಿಚಿಂತಲದಲ್ಲೂ ಒಂದು ಗೇಟ್ ಹೀಗೇ ಹೋಗಿತ್ತು, 16ನೇದು. ಅಲ್ಲಿ ಸ್ಟಾಪ್‌ಲಾಗ್ ಇತ್ತು, ಕೆಲವೇ ದಿನದಲ್ಲಿ ಮುಚ್ಚಿದರು. 2022ರ ಸೆಪ್ಟೆಂಬರ್‌ನಲ್ಲಿ ಕೇರಳದ ಪರಂಬಿಕುಳಂನಲ್ಲಿ ಸರಪಳಿ ಕಡಿದೇ ಶಟರ್ ಹೋಗಿತ್ತು. ಅಂದರೆ ಪಾಠ ಪಕ್ಕದ ಮನೆಯಲ್ಲೇ ಎರಡು ಸಲ ನಡೆದಿದೆ. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೋಡ್_ಕಾಫಿ · 11 ಆಗಸ್ಟ್, 11:02

ಸರಿ, ಹೊಸ ಗೇಟ್ ತಂದು ಕ್ರೇನಿನಲ್ಲಿ ಇಳಿಸಿದರೆ ಆಯ್ತಲ್ಲ. ಇದಕ್ಕೆ ಯಾಕೆ ಡ್ಯಾಂ ಖಾಲಿ ಮಾಡಬೇಕು?

ಗಾರೆ_ಕಲ್ಲು · 11 ಆಗಸ್ಟ್, 11:30

ಸುಮ್ನೆ ಲೆಕ್ಕ ಹಾಕಿ ನೋಡೋಣ. ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ಗೇಟಿನ ಬುಡ ಇರೋದು ಸಮುದ್ರ ಮಟ್ಟದಿಂದ 1613 ಅಡಿ ಎತ್ತರದಲ್ಲಿ, ಭರ್ತಿ ಮಟ್ಟ 1633. ನಿಂತ ನೀರು ಆ ಗೇಟನ್ನು ತಳ್ಳುವ ಬಲ ಸುಮಾರು 340 ಟನ್. ತುಂಬಿದ ಮರಳು ಲಾರಿ ಹತ್ತಲ್ಲ, ಹದಿನೈದು ಬಂದು ಒಂದೇ ಬಾಗಿಲಿಗೆ ಒತ್ತಿ ನಿಂತ ಹಾಗೆ. ಅದೂ ನಿಂತ ನೀರಿನ ಲೆಕ್ಕ. ಓಡುವ ನೀರಿಗೆ 60 ಅಡಿ ಹಾಳೆಯನ್ನು ಮೇಲಿಂದ ಇಳಿಸಿದರೆ ಅದು ಮೊದಲು ಕುಣಿಯುತ್ತೆ, ಆಮೇಲೆ ವಾರೆಯಾಗುತ್ತೆ, ಕೊನೆಗೆ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತೆ. ಇಲ್ಲವೇ ಕ್ರೇನನ್ನೇ ಎಳೆಯುತ್ತೆ.

ಅದಕ್ಕೇ ನೀರನ್ನು 1613ರ ಹತ್ತಿರ ಇಳಿಸಿ ಕೆಲಸ ಮಾಡೋಣ ಅಂತಿದ್ದಾರೆ. ಕಷ್ಟ ಏನಪ್ಪಾ ಅಂದರೆ ಜಲಾಶಯ ಬಾಣಲೆ ಥರ. ಮೇಲೆ ಅಗಲ, ಕೆಳಗೆ ಕಿರಿದು. ಆ ಮೇಲಿನ 20 ಅಡಿಯಲ್ಲೇ ಅರ್ಧಕ್ಕಿಂತ ಜಾಸ್ತಿ ನೀರು, 60 ಟಿಎಂಸಿ ಹತ್ತಿರ. ಅಷ್ಟೂ ನದಿಗೆ.

ಕಾರಟಗಿ_ಸೋನಾ · 11 ಆಗಸ್ಟ್, 11:41

60 ಟಿಎಂಸಿ ಅಂತ ನೀವು ಬರೆದಿರಿ ಸರ್. ನಾನು ಅದನ್ನು ನಾಲ್ಕು ಸಲ ಓದಿದೆ. ಹೋದ ವರ್ಷದ ಸಾಲ ತೀರಿಲ್ಲ. ಈ ವರ್ಷ ಎರಡು ಬೆಳೆ ನಂಬಿಕೊಂಡು ಗೊಬ್ಬರ, ಬೀಜ, ಟ್ರ್ಯಾಕ್ಟರ್ ಬಾಡಿಗೆ ಎಲ್ಲಾ ಉದ್ರಿ ತಂದಿದ್ದೇನೆ. ನಿಮ್ಮ ಲೆಕ್ಕ ತಪ್ಪಾಗಲಿ ಅಂತ ಹನುಮಪ್ಪನಿಗೆ ಕಾಯಿ ಒಡೆಸ್ತೀನಿ, ಬೇಜಾರು ಮಾಡ್ಕೋಬೇಡಿ.

ಕಂಪ್ಲಿ_ಮಾಸ್ತರ್ · 11 ಆಗಸ್ಟ್, 12:20

ಗಾರೆ_ಕಲ್ಲು ಅವರೇ, ಇನ್ನೊಂದು ಲೆಕ್ಕ ಮಾಡಿಕೊಡಿ. ಟಿವಿಯವರು ಬೆಳಿಗ್ಗೆಯಿಂದ "19ನೇ ಗೇಟೊಂದರಿಂದಲೇ 35 ಸಾವಿರ ಕ್ಯೂಸೆಕ್" (ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು) ಅಂತ ಕೂಗ್ತಿದ್ದಾರೆ. ನನಗೆ ಯಾಕೋ ಹೊಂದುತ್ತಿಲ್ಲ. ಎಲ್ಲಾ 33 ಗೇಟು ಪೂರ್ತಿ ತೆರೆದರೆ ಆರೂವರೆ ಲಕ್ಷ ಕ್ಯೂಸೆಕ್ ಹೋಗುವ ಹಾಗೆ ಕಟ್ಟಿದ್ದಾರೆ ಅಂತ ಮಕ್ಕಳಿಗೆ ಹೇಳಿಕೊಡುತ್ತೇನೆ. 33ರಿಂದ ಭಾಗಿಸಿದರೆ ಒಂದಕ್ಕೆ 20 ಸಾವಿರವೂ ಬರಲ್ಲ.

ಗಾರೆ_ಕಲ್ಲು · 11 ಆಗಸ್ಟ್, 12:45

ಮಾಸ್ತರೇ, ಸರಿಯಾಗಿ ಹಿಡಿದಿರಿ. ಗೇಟ್ ಇಲ್ಲದ ಬಾಯಿ, ಪೂರ್ತಿ ಎತ್ತಿದ ಗೇಟಿನ ಬಾಯಿಗಿಂತ ಜಾಸ್ತಿ ನೀರು ಬಿಡೋಕೆ ಸಾಧ್ಯವೇ ಇಲ್ಲ, ಎರಡೂ ಒಂದೇ ತೂತು. ಕೋಡಿ ಮೇಲಿನ ಹರಿವಿಗೆ ಸೂತ್ರ: ಆಳವನ್ನು ಅದರ ವರ್ಗಮೂಲದಿಂದ ಗುಣಿಸಿ, ಅದನ್ನು ಅಗಲದಿಂದ ಗುಣಿಸಿ, ಕೊನೆಗೆ ಕೋಡಿಯ ಆಕಾರಕ್ಕೆ ತಕ್ಕ ಒಂದು ಗುಣಕ. ಆಳ 20 ಅಡಿ, ವರ್ಗಮೂಲ ಸುಮಾರು 4.47, ಗುಣಿಸಿದರೆ 89. ಇಂಟು 60 ಅಂದರೆ 5,360ರ ಸುಮಾರು. ಗುಣಕ 3.7 ಇಟ್ಟರೆ 20 ಸಾವಿರದ ಹತ್ತಿರ ಬಂದು ನಿಲ್ಲುತ್ತೆ. ನಿಮ್ಮ ಭಾಗಾಕಾರವೂ ಅಲ್ಲೇ ಬಂತು ನೋಡಿ.

35 ಸಾವಿರ ಎಲ್ಲಿಂದ ಬಂತೋ. ಯಾರೋ ಒಬ್ಬರು ಹೇಳಿದರು, ಉಳಿದವರು ಹಿಂದೆ ಬಿದ್ದರು.

ಕೋಡ್_ಕಾಫಿ · 11 ಆಗಸ್ಟ್, 12:52

20 ಆದರೇನು 35 ಆದರೇನು, ನೀರು ಹೋಗ್ತಾನೇ ಇದೆ ಅಲ್ವಾ.

ಕಂಪ್ಲಿ_ಮಾಸ್ತರ್ · 11 ಆಗಸ್ಟ್, 1:10

ವ್ಯತ್ಯಾಸ ಇದೆ ತಮ್ಮಾ. 20 ಸಾವಿರ ಕ್ಯೂಸೆಕ್ ಅಂದರೆ ದಿನಕ್ಕೆ 1.7 ಟಿಎಂಸಿ. 35 ಅಂದರೆ 3. ಹತ್ತು ದಿನಕ್ಕೆ 13 ಟಿಎಂಸಿ ಫರಕು ಬಂತು. ಕಾಲುವೆ ಕೊನೆಯಲ್ಲಿ ಇರುವವರನ್ನು ಕೇಳು, 13 ಟಿಎಂಸಿ ಅಂದರೆ ಏನು ಅಂತ.

ಅಂದ ಹಾಗೆ ನಮ್ಮೂರ ಸೇತುವೆ ಮೇಲೆ ಸಂಜೆಯೊಳಗೆ ನೀರು ಬರಬಹುದು ಅಂತ ಡಂಗುರ ಆಯ್ತು. ಹಂಪಿಯಲ್ಲಿ ಪುರಂದರ ಮಂಟಪ ಆಗಲೇ ಮುಳುಗಿರಬೇಕು.

ಆದೋನಿ_ಅಕ್ಕ · 11 ಆಗಸ್ಟ್, 1:35

ಮಂಟಪ ಮುಳುಗೋದು ಪ್ರತಿ ವರ್ಷದ್ದು ಬಿಡಿ. ಆದರೆ ಉಳಿದ 32 ಗೇಟನ್ನೂ ಯಾಕೆ ತೆಗೆದರು? ಒಂದು ಕಡೆ ಸೋರಿದರೆ ಎಲ್ಲಾ ಕಡೆ ತೂತು ಮಾಡ್ತಾರಾ? ಕೆಳಮಟ್ಟದ ಕಾಲುವೆ ನೀರು ಕುಡಿಯುವವರು ಆಂಧ್ರದ ಈ ಕಡೆಯೂ ಇದ್ದೇವೆ, ಕನ್ನಡದವರೂ ಇದ್ದೇವೆ. ಯಾರೂ ಸರಿಯಾಗಿ ಬಿಡಿಸಿ ಹೇಳ್ತಿಲ್ಲ.

ಗಾರೆ_ಕಲ್ಲು · 11 ಆಗಸ್ಟ್, 2:05

ಅಕ್ಕ, ಮಟ್ಟ ಬೇಗ ಇಳಿಸೋಕೆ. ಒಂದೇ ಬಾಯಲ್ಲಿ ಬಿಟ್ಟರೆ 60 ಟಿಎಂಸಿ ಹೋಗೋಕೆ ತಿಂಗಳೇ ಬೇಕು, ಅಷ್ಟು ದಿನವೂ ಹರಿವಿನ ಹೊಡೆತ ಅಕ್ಕಪಕ್ಕದ ಕಲ್ಲುಕಟ್ಟಡಕ್ಕೆ. ಇನ್ನೊಂದು, ಒಂದು ಸರಪಳಿ ಹೋಗಿದೆ ಅಂದಮೇಲೆ ಮಿಕ್ಕ 32 ಸರಪಳಿಯನ್ನು ನಂಬೋದು ಹೇಗೆ? ಅವೂ ಅದೇ ವಯಸ್ಸಿನವು. ಮೇಲಿನ ಒತ್ತಡ ಕಡಿಮೆ ಮಾಡೋದು ಸರಿಯಾದ ನಿರ್ಧಾರವೇ. ನೋಡೋಕೆ ಮಾತ್ರ ಹೊಟ್ಟೆ ಉರಿಯುತ್ತೆ.

ನಿವೃತ್ತ_ಫಿಟ್ಟರ್ · 11 ಆಗಸ್ಟ್, ರಾತ್ರಿ 8:15

ಮೊಮ್ಮಗಳು ಟೈಪ್ ಮಾಡ್ತಿದ್ದಾಳೆ, ತಪ್ಪಿದ್ದರೆ ಅವಳದು.

ನಾನು ಬೇರೆ ಒಂದು ಅಣೆಕಟ್ಟಿನ ಗೇಟ್ ವಿಭಾಗದಲ್ಲಿ 31 ವರ್ಷ ದುಡಿದವನು. ಹೆಸರು ಬೇಡ. ಸೆನ್ಸಾರ್ ಅಂದ ಹುಡುಗನಿಗೆ ಒಂದು ಮಾತು. ಸರಪಳಿ ಸಾಯೋ ಮುಂಚೆ ಹೇಳುತ್ತೆ. ಕೇಳೋರು ಬೇಕು.

ಗ್ರೀಸ್ ಹಚ್ಚೋದು ಅಂದರೆ ಡಬ್ಬಿಯಲ್ಲಿ ಕೈ ಅದ್ದಿ ಮೇಲೆ ಬಳಿಯೋದಲ್ಲ. ಹಳೆ ಗ್ರೀಸ್ ಧೂಳು ಕುಡಿದು ಡಾಂಬರ್ ಆಗಿರುತ್ತೆ. ಮೊದಲು ಅದನ್ನು ಕೆರೆಯಬೇಕು. ಸೀಮೆಎಣ್ಣೆಯಲ್ಲಿ ತೊಳೆಯಬೇಕು, ತಂತಿ ಬ್ರಷ್ ಹಾಕಿ ಉಜ್ಜಬೇಕು. ಆಮೇಲೆ ಕೊಂಡಿ ಕೊಂಡಿಗೂ ಪಿನ್ನಿನ ಸಂದಿಯಲ್ಲಿ ಎಣ್ಣೆ ಇಳಿಸಬೇಕು. ಅದಾದ ಮೇಲೆ ಸಣ್ಣ ಸುತ್ತಿಗೆ. ಒಂದೊಂದೇ ಕೊಂಡಿ ತಟ್ಟುತ್ತಾ ಹೋಗೋದು. ಒಳ್ಳೆ ಕೊಂಡಿ ದೇವಸ್ಥಾನದ ಗಂಟೆ ಥರ ಕಿಣ್ ಅನ್ನುತ್ತೆ. ಬಿರುಕು ಬಿಟ್ಟದ್ದು ಒಡಕು ಮಡಕೆ ಥರ ಬೊದ್ ಅನ್ನುತ್ತೆ. ಒಂದು ಗೇಟಿಗೆ ಇಬ್ಬರಿಗೆ ಎರಡು ದಿನದ ಕೆಲಸ. ಕೆಳಗೆ ನೋಡಿದರೆ ತಲೆ ತಿರುಗುತ್ತೆ, ಸೊಂಟಕ್ಕೆ ಹಗ್ಗ.

ನಾನು ಸೇರಿದಾಗ ಗೇಟಿನ ಮೇಲೆ ನಾವು ಹದಿನಾಲ್ಕು ಜನ. ನಿವೃತ್ತಿ ಆದಾಗ ಮೂರು. ಹೋದವರ ಜಾಗಕ್ಕೆ ಯಾರನ್ನೂ ತಗೊಳ್ಳಲಿಲ್ಲ. ಕೊನೆಕೊನೆಗೆ ಗುತ್ತಿಗೆಯ ಹುಡುಗರು ಬಂದರು. ಪಾಪ, ಒಳ್ಳೆಯವರೇ, ಆದರೆ ಕೆಳಗಿಂದ ಕಾಣುವಷ್ಟು ಭಾಗಕ್ಕೆ ಬಣ್ಣ ಬಳಿದು ಹೋಗ್ತಿದ್ದರು. ಬಿಲ್ಲಲ್ಲಿ ಗ್ರೀಸ್ ಪೂರ್ತಿ ಇರ್ತಿತ್ತು.

ಕೋಡ್_ಕಾಫಿ · 11 ಆಗಸ್ಟ್, 8:40

ಕಾಕಾ, ನಿಮ್ಮ ಮಾತಿಗೆ ತಲೆಬಾಗ್ತೀನಿ. ಆದರೂ ಒಂದು ಸಂಶಯ. ಆ ಸುತ್ತಿಗೆ ಸದ್ದು ನಿಮ್ಮ ಕಿವಿಗೆ ಗೊತ್ತು. ನೀವು ಮನೆಗೆ ಹೋದಮೇಲೆ? ಮೂರೇ ಜನ ಉಳಿದರು ಅಂತ ನೀವೇ ಹೇಳಿದಿರಿ. ಜನ ಇಲ್ಲದ ಕಡೆಯೇ ಸೆನ್ಸಾರ್ ಬೇಕಾಗೋದು.

ನಿವೃತ್ತ_ಫಿಟ್ಟರ್ · 11 ಆಗಸ್ಟ್, 9:05

ಹಾಕಪ್ಪಾ. ಬೇಡ ಅನ್ನಲಿಲ್ಲ. ಅದು ಕೂಗಿದಾಗ ಏಣಿ ಹತ್ತೋಕೆ ಒಬ್ಬನನ್ನು ಇಟ್ಟಿರು ಅಂದೆ ಅಷ್ಟೆ.

ಸ್ಯಾಕ್ರಮೆಂಟೊ_ಶೆಟ್ಟಿ · 12 ಆಗಸ್ಟ್, ಬೆಳಿಗ್ಗೆ 6:30

ಇಲ್ಲಿ ನಾನಿರುವ ಊರಿನ ಮೇಲ್ಗಡೆ ಅಮೆರಿಕನ್ ನದಿಗೆ ಫಾಲ್ಸಮ್ ಅಂತ ಅಣೆಕಟ್ಟು ಇದೆ. 1995ರ ಜುಲೈ 17ರಂದು, ತುಂಬಿದ ಜಲಾಶಯದಲ್ಲಿ 3ನೇ ಗೇಟ್ ಎತ್ತುವಾಗ ಅದು ಮುರಿದು ಹೋಯ್ತು. ನೀರು ಹತೋಟಿಗೆ ಬರುವಷ್ಟರಲ್ಲಿ ಐದರಲ್ಲಿ ಎರಡು ಪಾಲು ಖಾಲಿ. ತನಿಖೆ ಮಾಡಿದಾಗ ಸಿಕ್ಕಿದ್ದು ಏನು ಗೊತ್ತಾ ಕಾಕಾ? ಗ್ರೀಸ್! ಗೇಟ್ ತಿರುಗುವ ಪಿನ್ನಿನಲ್ಲಿ ತುಕ್ಕು, ಗ್ರೀಸ್ ಹಾಕೋದು ಅಪರೂಪ, ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಾ ಬಂದು ಗೇಟಿನ ತೋಳು ಬಾಗಿತು. ಮೂಲ ವಿನ್ಯಾಸ ಮಾಡಿದವರು ಆ ಪಿನ್ನಿನ ಘರ್ಷಣೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇದು ಬೇರೆ ಥರದ ಗೇಟ್, ಸರಪಳಿದ್ದಲ್ಲ, ಒಪ್ಪುತ್ತೇನೆ. ಆದರೆ "ನಮ್ಮ ದೇಶದಲ್ಲಿ ಮಾತ್ರ ಹೀಗೆ" ಅಂತ ಶುರು ಮಾಡೋರಿಗೆ ಮುಂಚೆಯೇ ಹೇಳಿಬಿಡೋಣ ಅಂತ ಬರೆದೆ.

ಗಾರೆ_ಕಲ್ಲು · 12 ಆಗಸ್ಟ್, 9:00

ಫಾಲ್ಸಮ್ ನೆನಪು ಮಾಡಿದ್ದಕ್ಕೆ ಥ್ಯಾಂಕ್ಸ್ ಶೆಟ್ರೇ. ಅವರು ಆಮೇಲೆ ಗೇಟಿನ ವಿನ್ಯಾಸದ ಲೆಕ್ಕವನ್ನೇ ತಿದ್ದಿಕೊಂಡರು, ಬೇರೆ ಅಣೆಕಟ್ಟಿನವರೂ ತಮ್ಮ ಗೇಟುಗಳನ್ನು ಮತ್ತೆ ನೋಡಿಕೊಂಡರು. ನಮ್ಮಲ್ಲಿ 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂತು. ಮಳೆಗಾಲಕ್ಕೆ ಮುಂಚೆ ಒಂದು, ಆಮೇಲೆ ಒಂದು ತಪಾಸಣೆ ಕಡ್ಡಾಯ ಅಂತ ಅದರಲ್ಲೇ ಇದೆ. ಕಾಗದದ ಮೇಲೆ ಚೆನ್ನಾಗಿದೆ. ತಪಾಸಣೆ ಮಾಡೋರು ಸರಪಳಿಯನ್ನು ಮುಟ್ಟಿ ನೋಡುತ್ತಾರೋ, ಸೇತುವೆ ಮೇಲೆ ನಡೆದು ಸಹಿ ಹಾಕುತ್ತಾರೋ ಅನ್ನೋದು ಕಾಯ್ದೆಯಲ್ಲಿ ಬರೆಯೋಕೆ ಆಗಲ್ಲ.

ನಿರ್ವಾಹಕ · 12 ಆಗಸ್ಟ್, 11:15

ಯಾವ ಪಕ್ಷದ ಕಾಲದಲ್ಲಿ ಎಷ್ಟು ಗ್ರೀಸ್ ಖರ್ಚಾಯ್ತು ಅಂತ ಜಗಳ ಆಡಿದ 41 ಪೋಸ್ಟ್ ತೆಗೆದಿದ್ದೇನೆ. ಅಣೆಕಟ್ಟು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯಲ್ಲಿ ಮೂರು ರಾಜ್ಯ ಇವೆ, ಕೇಂದ್ರವೂ ಇದೆ. ಬೈಯೋಕೆ ಎಲ್ಲರಿಗೂ ಒಬ್ಬೊಬ್ಬರು ಸಿಗುತ್ತಾರೆ. ಇಲ್ಲಿ ಗೇಟಿನ ಮಾತು ಮಾತ್ರ.

ಹಂಪಿ_ಹುಡುಗ · 13 ಆಗಸ್ಟ್, ಸಂಜೆ 6:20

ಹೊಸ ಸುದ್ದಿ. ಕನ್ನಯ್ಯ ನಾಯ್ಡು ಅಂತ ಗೇಟ್ ತಜ್ಞರು ಬಂದಿದ್ದಾರೆ. ನಿವೃತ್ತರು, ವಯಸ್ಸಾಗಿದೆ. ಡ್ಯಾಂ ಖಾಲಿ ಮಾಡೋವರೆಗೆ ಕಾಯೋದು ಬೇಡ, ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಇಳಿಸೋಣ ಅಂತ ಅವರ ಮಾತು. ಒಂದೇ 20 ಅಡಿ ಹಾಳೆ ಬದಲು ನಾಲ್ಕು ನಾಲ್ಕು ಅಡಿಯ ಐದು ತುಂಡು. ಒಂದೊಂದು 13 ಟನ್ ಅಂತೆ. ತೋರಣಗಲ್ಲಿನ ಜಿಂದಾಲ್‌ನಲ್ಲೂ ಹೊಸಪೇಟೆ ಸುತ್ತಮುತ್ತಲ ವರ್ಕ್‌ಶಾಪ್‌ಗಳಲ್ಲೂ ಹಗಲು ರಾತ್ರಿ ವೆಲ್ಡಿಂಗ್. ನನ್ನ ಗೆಳೆಯನ ತಮ್ಮ ಒಂದು ಕಡೆ ವೆಲ್ಡರ್. ಎರಡು ದಿನದಿಂದ ಮನೆಗೆ ಬಂದಿಲ್ಲ, ಊಟ ಅಲ್ಲಿಗೇ ಹೋಗ್ತಿದೆ.

ಗಾರೆ_ಕಲ್ಲು · 13 ಆಗಸ್ಟ್, 7:00

ನಾನು ಮೊನ್ನೆ ಹರಿಯುವ ನೀರಿಗೆ ಹಾಳೆ ಇಳಿಸೋದು ಕಷ್ಟ ಅಂದಿದ್ದೆ. ಈಗಲೂ ಅದನ್ನೇ ಅಂತೀನಿ. ಆದರೆ ತುಂಡು ಮಾಡಿ ಇಳಿಸೋದು ಜಾಣತನ. 20 ಅಡಿ ಹಾಳೆಗೆ ನೀರಿನ ಹೊಡೆತ ಒಂದೇ ಸಲ ಬೀಳುತ್ತೆ. 4 ಅಡಿ ತುಂಡಿಗೆ ಅಷ್ಟು ಬೀಳಲ್ಲ. ಮೊದಲನೆಯದು ಕೂತರೆ ನೀರಿನ ಆಳ 4 ಅಡಿ ಕಡಿಮೆ, ಎರಡನೆಯದಕ್ಕೆ ಇನ್ನೂ ಸಲೀಸು. ಮೊದಲನೆಯದೇ ಪರೀಕ್ಷೆ. ಅಡಿಯಲ್ಲಿ ಸರಿಯಾಗಿ ಕೂರದೆ ಒಂದು ಇಂಚು ವಾರೆಯಾದರೂ ಮೇಲಿನ ನಾಲ್ಕೂ ವಾರೆ.

ಆಗಲ್ಲ ಅಂತ ನನ್ನ ಅಂದಾಜು. ತಪ್ಪಾದರೆ ಇಲ್ಲೇ ಬಂದು ಒಪ್ಪಿಕೊಳ್ತೀನಿ.

ಕಾರಟಗಿ_ಸೋನಾ · 15 ಆಗಸ್ಟ್, ರಾತ್ರಿ 10:10

ಇವತ್ತು ಆಗಲಿಲ್ಲವಂತೆ. ಇಳಿಸುವಾಗ ಏನೋ ಅಡ್ಡ ಬಂತಂತೆ. ಊರ ಕಟ್ಟೆ ಮೇಲೆ ಸುಮಾರು ಜನ ಒಂದೇ ಫೋನ್ ನೋಡ್ತಾ ಕೂತಿದ್ವಿ. ಕ್ರಿಕೆಟ್ ಮ್ಯಾಚ್ ಸೋತಾಗಲೂ ಇಷ್ಟು ಸುಮ್ಮನೆ ಎದ್ದು ಹೋಗಿರಲಿಲ್ಲ ಯಾರೂ.

ಗಾರೆ_ಕಲ್ಲು · 15 ಆಗಸ್ಟ್, 10:30

ನಾನು ಹೇಳಿದ್ದು ನಿಜ ಆಯ್ತು ಅಂತ ಖುಷಿ ಇಲ್ಲ ಅಣ್ಣ. ಮೇಲಿನ ಓಡಾಟದ ಕಬ್ಬಿಣದ ಸೇತುವೆ ತಡೆಯಾಗ್ತಿದೆ ಅಂತ ಕೇಳಿದೆ. ಹಳೆ ಅಣೆಕಟ್ಟಿಗೆ ಹೊಸ ತುಂಡು ಹೊಂದಿಸೋದು ಅಂದರೆ ಹೀಗೇ. ಹಳೆ ನಕ್ಷೆಯಲ್ಲಿ ಇರೋ ಅಳತೆ ಒಂದು, ಎಪ್ಪತ್ತು ವರ್ಷದಲ್ಲಿ ಅಲ್ಲಿ ಸೇರಿಕೊಂಡ ಕಬ್ಬಿಣ ಇನ್ನೊಂದು.

ಹಂಪಿ_ಹುಡುಗ · 16 ಆಗಸ್ಟ್, ರಾತ್ರಿ 9:05

ಕೂತಿತು!!! ಮೊದಲನೆಯದು ಕೂತಿತು!

ಆದೋನಿ_ಅಕ್ಕ · 16 ಆಗಸ್ಟ್, 9:07

ಸ್ವಾಮೀ ರಾಘವೇಂದ್ರಾ.

ಕಾರಟಗಿ_ಸೋನಾ · 16 ಆಗಸ್ಟ್, 9:11

ವರಮಹಾಲಕ್ಷ್ಮಿ ಹಬ್ಬದ ದಿನ ಸರ್ ಇವತ್ತು. ಹೆಂಡತಿ ಈಗ ಇನ್ನೊಂದು ಸಲ ಆರತಿ ಎತ್ತಿದಳು.

ನಿವೃತ್ತ_ಫಿಟ್ಟರ್ · 16 ಆಗಸ್ಟ್, 9:30

ಮೊದಲನೆಯದು ಕೂತಾಗ ಸದ್ದು ಹೇಗಿತ್ತು ಅಂತ ಯಾರಾದರೂ ಹತ್ತಿರ ಇದ್ದವರು ಹೇಳಿ. ಅದೊಂದು ಕೇಳಬೇಕಿತ್ತು ನಾನು.

ಹಂಪಿ_ಹುಡುಗ · 17 ಆಗಸ್ಟ್, ರಾತ್ರಿ 10:40

ಐದೂ ಕೂತವು. ಹರಿವು ನಿಂತಿದೆ. ಅಲ್ಲಲ್ಲಿ ಸಂದಿಯಿಂದ ಸಣ್ಣಗೆ ಜಿನುಗುತ್ತಿದೆ, ಅದು ಲೆಕ್ಕಕ್ಕಿಲ್ಲ. 70 ಟಿಎಂಸಿಯ ಆಸುಪಾಸು ಉಳಿಸಿಕೊಂಡಿದ್ದೇವೆ. ಮೂರನೇ ಒಂದು ಪಾಲು ಹೋಯ್ತು, ಎರಡು ಪಾಲು ಉಳೀತು.

ಕಾಕಾ, ಗೆಳೆಯನ ತಮ್ಮ ಅಲ್ಲೇ ಇದ್ದ, ಕೇಳಿದೆ. ನೀರಿನ ಅಬ್ಬರದಲ್ಲಿ ಸದ್ದು ಏನೂ ಕೇಳಲಿಲ್ಲವಂತೆ. ಕಾಲಿನ ಕೆಳಗೆ ಸೇತುವೆ ಒಂದು ಸಲ ಅದುರಿ ತಣ್ಣಗಾಯಿತಂತೆ. ಅದರಲ್ಲೇ ಗೊತ್ತಾಯ್ತು ಅಂದ.

ಗಾರೆ_ಕಲ್ಲು · 18 ಆಗಸ್ಟ್, 8:20

ಒಪ್ಪಿಕೊಳ್ಳೋಕೆ ಬಂದೆ. ನನ್ನ ಅಂದಾಜು ತಪ್ಪಾಯ್ತು. ಪುಸ್ತಕದ ಲೆಕ್ಕ ಸರಿಯಿತ್ತು, ಮನುಷ್ಯರ ಲೆಕ್ಕ ಹಾಕಿರಲಿಲ್ಲ. ನಾಯ್ಡು ಅವರಿಗೂ, ಆ 60 ಅಡಿ ತೊಲೆ ತೂಗಾಡುವಾಗ ಅದರ ಪಕ್ಕ ನಿಂತು ಕೈಸನ್ನೆ ಮಾಡಿದ ಹುಡುಗರಿಗೂ ದೊಡ್ಡ ನಮಸ್ಕಾರ.

ಕೋಡ್_ಕಾಫಿ · 18 ಆಗಸ್ಟ್, 9:45

ಎಲ್ಲರೂ ಹೀರೋ, ಆಧುನಿಕ ವಿಶ್ವೇಶ್ವರಯ್ಯ ಅಂತೆಲ್ಲ ಶೇರ್ ಮಾಡ್ತಿದ್ದಾರೆ. ನನಗೂ ಖುಷಿಯೇ. ಆದರೆ ಒಂದು ಕಸಿವಿಸಿ. ನಿವೃತ್ತರಾದವರನ್ನು ಹುಡುಕಿಕೊಂಡು ಹೋಗಿ ಕರೆತರಬೇಕಾಯ್ತು ಅಂದರೆ, ಈಗ ಕೆಲಸದಲ್ಲಿ ಇರುವವರಲ್ಲಿ ಇದನ್ನು ಬಲ್ಲವರು ಎಷ್ಟು ಜನ? ನಮ್ಮ ಸಾಫ್ಟ್‌ವೇರಿನಲ್ಲಿ ಇದಕ್ಕೆ ಬಸ್ ಲೆಕ್ಕ ಅಂತ ತಮಾಷೆ ಮಾಡ್ತೀವಿ. ಎಷ್ಟು ಜನ ಬಸ್ಸಿಗೆ ಸಿಕ್ಕಿದರೆ ಪ್ರಾಜೆಕ್ಟ್ ನಿಲ್ಲುತ್ತೆ ಅಂತ. ಇಲ್ಲಿ ಉತ್ತರ ಒಂದು.

ಕಂಪ್ಲಿ_ಮಾಸ್ತರ್ · 18 ಆಗಸ್ಟ್, 10:30

ವಿಶ್ವೇಶ್ವರಯ್ಯನವರ ಹೆಸರು ಬಂದದ್ದರಿಂದ ಹೇಳ್ತೀನಿ. ಅವರ ಮೊದಲ ದೊಡ್ಡ ಹೆಸರು ಅಣೆಕಟ್ಟು ಕಟ್ಟಿದ್ದರಿಂದ ಬಂದದ್ದಲ್ಲ, ಗೇಟಿನಿಂದ. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ನೀರು ಏರಿದರೆ ತಾನೇ ತೆರೆಯುವ ಗೇಟು, 1903ರಲ್ಲಿ. ನಾವು ಮಕ್ಕಳಿಗೆ ಕೆಆರ್‌ಎಸ್ ಅಂತ ಮಾತ್ರ ಹೇಳಿಕೊಡ್ತೀವಿ. ಗೇಟಿನ ಪಾಠ ಸಿಲಬಸ್‌ನಲ್ಲಿ ಇಲ್ಲ. ನಾಳೆ ಎಂಟನೇ ಕ್ಲಾಸಿನಲ್ಲಿ ಮಾಡ್ತೀನಿ, ನೀರಿನ ಒತ್ತಡ ಹೇಗಿದ್ದರೂ ಇದೆ.

ನಿವೃತ್ತ_ಫಿಟ್ಟರ್ · 18 ಆಗಸ್ಟ್, ಸಂಜೆ 7:00

ಬಸ್ ಅಂದ ಹುಡುಗ ಸರಿಯಾಗಿ ಅಂದ. ನಾನು ಬಿಡುವಾಗ ನನ್ನ ಸುತ್ತಿಗೆಯನ್ನು ಸ್ಟೋರಿಗೆ ವಾಪಸ್ ಕೊಟ್ಟೆ. ರಶೀದಿ ಕೊಟ್ಟರು. ಕಲಿಯೋಕೆ ಮಾತ್ರ ಯಾರನ್ನೂ ಕಳಿಸಲಿಲ್ಲ.

ಕಾರಟಗಿ_ಸೋನಾ · 24 ಸೆಪ್ಟೆಂಬರ್ 2024, 8:00

ಹಳೆ ಮಾತುಕತೆಯನ್ನು ಮೇಲೆ ತಂದೆ, ಕ್ಷಮಿಸಿ. ಮತ್ತೆ ತುಂಬಿತು! ಮಲೆನಾಡಲ್ಲಿ ಮಳೆ ಕೈ ಹಿಡಿಯಿತು. ಮುಖ್ಯಮಂತ್ರಿ ಬಂದು ಬಾಗಿನ ಕೊಟ್ಟು ಹೋದರು. ಭತ್ತ ಹೊಡೆ ಬಿಡುವ ಹಂತದಲ್ಲಿದೆ.

ಕೋಡ್_ಕಾಫಿ · 24 ಸೆಪ್ಟೆಂಬರ್, 9:10

ಅಣ್ಣ, ಒಳ್ಳೆ ಸುದ್ದಿ! ಇನ್ನು ಎಲ್ಲರೂ ಗೇಟ್ ಮರೆತರು ಅಂತ ಇಟ್ಕೊಳ್ಳಿ.

ಹಂಪಿ_ಹುಡುಗ · 17 ಆಗಸ್ಟ್ 2025, 7:50

ಸರಿಯಾಗಿ ಒಂದು ವರ್ಷ. 19ರಲ್ಲಿ ಇನ್ನೂ ಅದೇ ಸ್ಟಾಪ್‌ಲಾಗ್. ಗೇಟುಗಳನ್ನು ಪರಿಶೀಲಿಸಿದ ಎ.ಕೆ. ಬಜಾಜ್ ಅವರ ತಜ್ಞರ ಸಮಿತಿ ಎಲ್ಲಾ 33 ಗೇಟನ್ನೂ ಬದಲಿಸಬೇಕು ಅಂತ ಹೇಳಿ ಆಗಿದೆ. ಈ ವರ್ಷ ನೀರು ಬೇಕಾದಷ್ಟು ಬಂತು, ಆದರೆ 80 ಟಿಎಂಸಿಗಿಂತ ಜಾಸ್ತಿ ನಿಲ್ಲಿಸ್ತಿಲ್ಲ. ಮಟ್ಟ 1626ಕ್ಕೆ ಕಟ್ಟು. ಈಗ ಮಂತ್ರಿಗಳೇ ಹೇಳ್ತಿದ್ದಾರೆ, ಇನ್ನೂ ಆರೇಳು ಗೇಟು ಸರಿಯಿಲ್ಲ ಅಂತ.

ಕಂಪ್ಲಿ_ಮಾಸ್ತರ್ · 17 ಆಗಸ್ಟ್ 2025, 8:30

ಲೆಕ್ಕ ನೋಡಿ. ಕಟ್ಟಿದಾಗ 132 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ 105ಕ್ಕೆ ಬಂತು. ಗೇಟಿನ ಭಯಕ್ಕೆ ಈಗ 80. ಹೂಳು 70 ವರ್ಷದಲ್ಲಿ ತಿಂದದ್ದು 27. ಗೇಟು ಒಂದೇ ವರ್ಷದಲ್ಲಿ 25 ತಿಂತು. ಹೂಳಿಗೆ ಹೋದ ಜಾಗದ ಬದಲು ನೀರು ಹಿಡಿದಿಡೋಕೆ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟೋಣ ಅಂತ ವರ್ಷಗಟ್ಟಲೆ ಭಾಷಣ ಕೇಳಿದ್ದೇವೆ. ಅಷ್ಟೇ ನೀರು ಗೇಟಿನ ಬುಡದಲ್ಲಿ ಹೋಗ್ತಿದೆ.

ಆದೋನಿ_ಅಕ್ಕ · 17 ಆಗಸ್ಟ್ 2025, 9:00

ಇನ್ನೂ 25 ಟಿಎಂಸಿ ನಿಲ್ಲಿಸಬಹುದಿತ್ತು. ಕಣ್ಣೆದುರೇ ಕೆಳಗೆ ಹೋಯ್ತು.

ಗಾರೆ_ಕಲ್ಲು · 17 ಆಗಸ್ಟ್ 2025, 9:40

ಆದರೂ 80ಕ್ಕೆ ನಿಲ್ಲಿಸಿದ್ದು ಸರಿ ಅಕ್ಕ. ಬೈಯಿರಿ, ಆದರೆ ಇದನ್ನಲ್ಲ. ಬೈಯಬೇಕಾದ್ದು ಹೋದ ಬೇಸಿಗೆಯನ್ನು. ಗೇಟ್ ಮಾಡೋಕೆ ಟೆಂಡರ್, ನಕ್ಷೆ, ಉಕ್ಕು, ಎಲ್ಲಾ ಬೇಕು, ಗೊತ್ತು. ಆದರೆ ಹೋದ ಆಗಸ್ಟ್‌ನಲ್ಲಿ 13 ಟನ್ ತೊಲೆ ಐದನ್ನು ಒಂದು ವಾರದೊಳಗೆ ಮಾಡಿ ಇಳಿಸಿದ ಊರು ಇದು. ಆ ಅವಸರ ಮಳೆ ನಿಂತ ಕೂಡಲೇ ಎಲ್ಲಿಗೆ ಹೋಯ್ತು?

ಹಂಪಿ_ಹುಡುಗ · 14 ಡಿಸೆಂಬರ್ 2025, 11:20

ಕೊನೆಗೂ ಶುರುವಾಗಿದೆ. ಹಳೆ ಗೇಟುಗಳನ್ನು ಕತ್ತರಿಸಿ ತೆಗೀತಿದ್ದಾರೆ. ಮುಂದಿನ ಮಳೆಗಾಲದೊಳಗೆ 33ನ್ನೂ ಕೂರಿಸಬೇಕು. ಅದಕ್ಕೇ ಈ ಸಲ ಎರಡನೇ ಬೆಳೆಗೆ ನೀರಿಲ್ಲ.

ದೂರದಿಂದ ನೋಡಿದೆ. ಗ್ಯಾಸ್ ಕಟ್ಟರಿನ ನೀಲಿ ಬೆಂಕಿ, ಕೆಳಗೆ ಒಣಗಿದ ಕಲ್ಲು. ಎಪ್ಪತ್ತು ವರ್ಷ ನೀರು ಹೊತ್ತ ಹಾಳೆ ಕ್ರೇನಿನಲ್ಲಿ ತೂಗಾಡ್ತಾ ಇತ್ತು. ಒಂದು ಬದಿ ತುಕ್ಕು ಪದರ ಪದರವಾಗಿ ಎದ್ದಿದೆ, ಈರುಳ್ಳಿ ಸಿಪ್ಪೆ ಥರ.

ಕಾರಟಗಿ_ಸೋನಾ · 14 ಡಿಸೆಂಬರ್ 2025, 12:05

ಸಿಟ್ಟಿದೆ, ಸುಳ್ಳು ಹೇಳಲ್ಲ. ಮೂರು ವರ್ಷದಲ್ಲಿ ಎರಡನೇ ಸಲ ಬೇಸಿಗೆ ಬೆಳೆ ಹೋಯ್ತು. ಒಂದು ಸಲ ಬರದಿಂದ, ಈಗ ರಿಪೇರಿಯಿಂದ. ಊರಲ್ಲಿ ಅರ್ಧ ಜನ ಹೋರಾಟಕ್ಕೆ ಹೋಗಿದ್ದರು, ನಾನೂ ಹೋಗಿದ್ದೆ. ಪರಿಹಾರ ಕೇಳಿದ್ದೇವೆ. ಆದರೆ ಗೇಟ್ ಹಾಕಬೇಡಿ ಅಂತ ನಮ್ಮಲ್ಲಿ ಒಬ್ಬನೂ ಅನ್ನಲಿಲ್ಲ. ಆ ರಾತ್ರಿ ನೋಡಿದವರು ಅನ್ನಲ್ಲ.

ಎರಡು ಎಕರೆಗೆ ಕಡಲೆ ಚೆಲ್ಲಿದ್ದೇನೆ. ಭತ್ತದ ಗದ್ದೆ, ನೆಲ ಬಿಗಿ, ಏಳುತ್ತೋ ಇಲ್ಲವೋ. ಮಿಕ್ಕದ್ದು ಬೀಳು.

ಕೋಡ್_ಕಾಫಿ · 14 ಡಿಸೆಂಬರ್ 2025, 12:40

ಹೊಸದಕ್ಕೆ ಸೆನ್ಸಾರ್ ಇರುತ್ತಾ? ಸುಮ್ನೆ ಕೇಳಿದೆ, ಯಾರೂ ಹೊಡೀಬೇಡಿ.

ನಿವೃತ್ತ_ಫಿಟ್ಟರ್ · 14 ಡಿಸೆಂಬರ್ 2025, 4:15

ಹೊಡೆಯಲ್ಲ ಬಾರೋ. ಹಂಪಿ ಹುಡುಗ, ನೀನು ಅಲ್ಲೇ ಹತ್ತಿರ ಇದ್ದೀಯ. ಹೊಸ ಗೇಟು ಕೂರಿಸಿದ ಮೇಲೆ ಒಂದು ನೋಡಿ ಹೇಳು. ಸರಪಳಿನೋ, ಉಕ್ಕಿನ ಹಗ್ಗನೋ, ಯಾವುದಾದರೂ ಇರಲಿ. ಅದರ ಪಕ್ಕ ಒಬ್ಬ ಮನುಷ್ಯ ನಿಂತು ಗ್ರೀಸ್ ಹಚ್ಚೋಕೆ ಒಂದು ಅಡಿ ಹಲಗೆ, ಹಿಡಿಯೋಕೆ ಒಂದು ಸರಳು ಬಿಟ್ಟಿದ್ದಾರಾ ಅಂತ.

ಹಂಪಿ_ಹುಡುಗ · 14 ಡಿಸೆಂಬರ್ 2025, 4:50

ಸೇತುವೆ ಮೇಲೆ ನಮ್ಮನ್ನು ಬಿಡಲ್ಲ ಕಾಕಾ. ಗೆಳೆಯನ ತಮ್ಮ ಈಗ ಇಲ್ಲೂ ವೆಲ್ಡಿಂಗ್‌ಗೆ ಬರ್ತಿದ್ದಾನೆ. ಭಾನುವಾರ ರಜೆಗೆ ಬಂದಾಗ ಅವನನ್ನೇ ಕೇಳ್ತೀನಿ. ಒಂದು ಅಡಿ ಸಾಕಾ, ಒಂದೂವರೆ ಬೇಕಾ?

ನಿವೃತ್ತ_ಫಿಟ್ಟರ್ · 14 ಡಿಸೆಂಬರ್ 2025, 5:20

ಒಂದೂವರೆ. ಡಬ್ಬಿ ಇಡೋಕೂ ಜಾಗ ಬೇಕಲ್ಲ.